ಎರಡು ಕೈಗೂ ಕತ್ತಿ: ನನ್ನ ಟೇಬಲ್‌ನಲ್ಲಿ ಈ ನಿಯಮ ಕೊನೆಗೂ ಕೂತ ಬಗೆ

ಎರಡು ಕತ್ತಿ ಹಿಡಿದವನು ಯಾವತ್ತೂ ದೊಡ್ಡ ಕತ್ತಿಯವನ ಹಿಂದೆಯೇ, ಅದನ್ನು ಸರಿಮಾಡಲು ಹೋದರೆ ಆಟವೇ ಕೆಡುತ್ತದೆ ಅಂತ ನಮ್ಮ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ದಾಳ ಎಸೆದು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡುವ ಆಟ) ಗುಂಪಿನ ಹಳಬರು ಹೇಳುತ್ತಲೇ ಇದ್ದರು. ಈಗ ನನ್ನ ಹೌಸ್ ರೂಲ್ (ನಾವೇ ಮಾಡಿಕೊಂಡ ನಿಯಮ) ಹಿಡಿದು ಒಂದು ಇಡೀ ಕ್ಯಾಂಪೇನ್, ಅಂದರೆ ಹಲವು ಸೆಷನ್‌ಗಳ ಒಂದು ಕಥೆ, ಮುಗಿದಿದೆ, ಲೆವೆಲ್ 3ರಿಂದ 12ರವರೆಗೆ. ಆಟ ಕೆಡಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಆಡಿಸುವುದು ಆ ಆಟದ ಐದನೇ ಎಡಿಷನ್, 2014ರದ್ದು, ಫೀಟ್ (ಪಾತ್ರಕ್ಕೆ ಬೇಕಾದರೆ ಸೇರಿಸುವ ವಿಶೇಷ ಸಾಮರ್ಥ್ಯ) ಇಲ್ಲದೆ. ಎರಡು ಕತ್ತಿಗೆ ಡ್ಯಾಮೇಜ್ ಕಡಿಮೆ ಅಂತ ಎಲ್ಲರೂ ಗೋಳಾಡುತ್ತಾರೆ. ಲೆವೆಲ್ 5ರ ಫೈಟರ್, ಅಂದರೆ ಯೋಧನ ಪಾತ್ರ, ತಗೊಳ್ಳಿ. ಎಲ್ಲಾ ಹೊಡೆತವೂ ಬಿದ್ದರೆ ಎರಡು ಶಾರ್ಟ್‌ಸ್ವೋರ್ಡ್‌ಗೆ, ಸ್ಟೈಲ್ (ಆ ಬಗೆಯ ಕಾದಾಟಕ್ಕೆ ಸಿಗುವ ಹೆಚ್ಚುವರಿ ಲಾಭ) ಸೇರಿಸಿ, ಒಂದು ಸುತ್ತಿನಲ್ಲಿ ಸುಮಾರು 22. ಗ್ರೇಟ್‌ಸ್ವೋರ್ಡ್‌ಗೆ ಅದರ ಸ್ಟೈಲ್ ಸೇರಿಸಿ 25ರ ಹತ್ತಿರ. ಇದು ದೊಡ್ಡ ಅಂತರವೇ ಅಲ್ಲ. ನಿಜವಾದ ತೊಂದರೆ ಬೋನಸ್ ಆಕ್ಷನ್, ಅಂದರೆ ಸರದಿಗೆ ಒಂದೇ ಸಿಗುವ ಹೆಚ್ಚುವರಿ ಚಿಕ್ಕ ಕೆಲಸ. ರೋಗ್ (ಕಳ್ಳನಂಥ ಪಾತ್ರ) ಓಡಬೇಕಾದರೂ ಅಡಗಬೇಕಾದರೂ ಅದೇ, ರೇಂಜರ್ (ಬೇಟೆಗಾರ) ಹಂಟರ್ಸ್ ಮಾರ್ಕ್ (ಗುರುತಿಟ್ಟ ಶತ್ರುವಿಗೆ ಪ್ರತಿ ಹೊಡೆತದಲ್ಲೂ ಹೆಚ್ಚು ಡ್ಯಾಮೇಜ್) ಹಾಕಬೇಕಾದರೂ ಅದೇ, ಬಾರ್ಬೇರಿಯನ್ ಆವೇಶ ಬಂದು ರೇಜ್‌ಗೆ ಹೋಗಬೇಕಾದರೂ ಅದೇ. ಪುಸ್ತಕದ ನಿಯಮದಲ್ಲಿ ಎಡಗೈ ಹೊಡೆತಕ್ಕೂ ಅದೇ ಬೇಕು, ಹಾಗಾಗಿ ಎರಡನೇ ಕತ್ತಿ ಅದನ್ನು ಪ್ರತಿ ಸುತ್ತೂ ತಿಂದುಹಾಕುತ್ತದೆ.

ಇದು ಹೊಳೆಯುವ ಮೊದಲು ಏನೇನೋ ಮಾಡಿ ನೋಡಿದೆ. ಮೊದಲನೆಯದು, ಬಲಗೈಯ ಒಂದೊಂದು ಹೊಡೆತಕ್ಕೂ ಎಡಗೈಯದು ಒಂದು. ಲೆವೆಲ್ 5ರಲ್ಲೇ ನಾಲ್ಕು ಹೊಡೆತ, 30 ಡ್ಯಾಮೇಜ್. ರೇಂಜರ್ ಮಾರ್ಕ್ ಹಾಕಿದರೆ 44! ದೊಡ್ಡ ಕತ್ತಿಯ ಹುಡುಗ ಎರಡೇ ಸೆಷನ್‌ನಲ್ಲಿ ಪಾತ್ರ ಬದಲಿಸಲಾ ಅಂತ ಕೇಳಿದ. ಅಲ್ಲಿಗೆ ಅದು ಮುಗಿಯಿತು.

ಆಮೇಲೆ ಅಟ್ಯಾಕ್ ರೋಲ್ (ಹೊಡೆತ ಬೀಳುತ್ತದೋ ಇಲ್ಲವೋ ಅಂತ ಎಸೆಯುವುದು) ಒಂದೇ, ಡ್ಯಾಮೇಜ್‌ಗೆ ಎರಡು ಡಿ6 (ಆರು ಮುಖದ ದಾಳ) ಎಸೆದು ದೊಡ್ಡದನ್ನು ಇಟ್ಟುಕೊಳ್ಳುವುದು. ಆಟ ಸರಸರ ಓಡುತ್ತದೆ, ಕೇಳೋಕೂ ಚೆನ್ನಾಗಿದೆ. ಆದರೆ ಲೆಕ್ಕ ಹಾಕಿದರೆ ಸರಾಸರಿ 4.47. ಒಂದೇ ಒಂದು ಡಿ8 ಎಸೆದರೆ 4.5! ಹಾಗಿದ್ದರೆ ಡಿ8 ಎಸೆಯುವ ಒಂದು ಲಾಂಗ್‌ಸ್ವೋರ್ಡ್ ಹಿಡಿದು, ಇನ್ನೊಂದು ಕೈಗೆ ಗುರಾಣಿ ಸಿಕ್ಕಿಸಿಕೊಂಡರೆ ಆಯ್ತಲ್ವಾ?

ಇದೇ ಆಟದ ಹಳೆಯ 3.5 ಎಡಿಷನ್ ಹಾಗೆ ಎರಡೂ ಕೈಯ ಅಟ್ಯಾಕ್ ರೋಲ್‌ಗೆ ಮೈನಸ್ 2 ಕೂಡ ತಂದೆ. ಅಲ್ಲಿ ಅಟ್ಯಾಕ್ ಬೋನಸ್ ಲೆವೆಲ್ ಜೊತೆ ಏರುತ್ತಲೇ ಹೋಗುವುದರಿಂದ ಅದು ನಡೆಯುತ್ತದೆ. ಐದನೇ ಎಡಿಷನ್‌ನಲ್ಲಿ 65 ಪರ್ಸೆಂಟ್ ಬೀಳುತ್ತಿದ್ದ ಹೊಡೆತ 55ಕ್ಕೆ ಇಳಿಯಿತು. ಒಂದು ಸುತ್ತಿನ ಸರಾಸರಿ ಡ್ಯಾಮೇಜ್ 14 ಚಿಲ್ಲರೆ ಇದ್ದದ್ದು 12 ಚಿಲ್ಲರೆ ಆಯಿತು. ಇದ್ದದ್ದಕ್ಕಿಂತ ಕೆಟ್ಟದು.

ಕೊನೆಗೆ ನಿಂತ ನಿಯಮ ಇಷ್ಟೇ. ಎಡಗೈ ಹೊಡೆತ ಅಟ್ಯಾಕ್ ಆಕ್ಷನ್‌ನ (ಸರದಿಯಲ್ಲಿ ಹೊಡೆಯುವ ಮುಖ್ಯ ಕೆಲಸ) ಒಳಗೇ ಬರುತ್ತದೆ, ಒಂದು ಸುತ್ತಿನಲ್ಲಿ ಒಂದೇ ಸಲ. ಬೋನಸ್ ಆಕ್ಷನ್ ಹಾಗೇ ಉಳಿಯುತ್ತದೆ. ಹೊಡೆತ ಬೇಡ ಅಂದರೆ ಅದರ ಬದಲು ಮುಂದಿನ ಸರದಿವರೆಗೆ ಎಸಿಗೆ (ಶತ್ರುವಿನ ಹೊಡೆತದಿಂದ ಕಾಯುವ ಅಂಕ) ಪ್ಲಸ್ 1. ಯಾವುದು ಅಂತ ದಾಳ ಎಸೆಯುವ ಮೊದಲೇ ಹೇಳಬೇಕು. ಮೊದಲ ಸುತ್ತಿನಲ್ಲಿ ಎರಡೂ ಕತ್ತಿ ಒಟ್ಟಿಗೆ ಹಿರಿಯಬಹುದು. 2024ರ ನಿಯಮಗಳಲ್ಲಿ ‘ನಿಕ್’ ಅಂತ ಒಂದು ಮಾಸ್ಟರಿ (ಆಯುಧದ ವಿಶೇಷ ಗುಣ) ಬಂತು. ಡ್ಯಾಗರ್, ಸಿಮಿಟರ್ ಥರದ ಆಯುಧಕ್ಕೆ ಹೆಚ್ಚುಕಡಿಮೆ ಇದನ್ನೇ ಕೊಡುತ್ತದೆ. ಅದು ಬರುವ ಮೊದಲೇ ನಾವು ಹೀಗೆ ಆಡುತ್ತಿದ್ದೆವು ಅಂತ ಹೇಳಿಕೊಳ್ಳಲು ನನಗೆ ಖುಷಿಯೇ.

ಜಾಸ್ತಿ ಲಾಭ ಆದದ್ದು ರೋಗ್‌ಗೆ. ಸ್ನೀಕ್ ಅಟ್ಯಾಕ್ (ಅವನಿಗೆ ಸಿಗುವ ಹೆಚ್ಚುವರಿ ಡ್ಯಾಮೇಜ್) ಸರದಿಗೆ ಒಂದೇ ಸಲ ನಿಜ, ಆದರೆ ಎರಡು ಸಲ ಎಸೆಯಲು ಸಿಕ್ಕರೆ ಅದು ಬೀಳುವ ಸಾಧ್ಯತೆ 65ರಿಂದ 88 ಪರ್ಸೆಂಟ್‌ಗೆ ಏರುತ್ತದೆ. ಮೇಲಿಂದ ಓಡಿಹೋಗಲು ಬೋನಸ್ ಆಕ್ಷನ್ ಬೇರೆ ಉಳಿದಿದೆ. ಜಾಸ್ತಿ ಆಯ್ತು ಅಂತ ಆಕ್ಷೇಪ ಬಂತು. ನಾನು ನಿಯಮ ಮುಟ್ಟಲಿಲ್ಲ, ಶತ್ರುಗಳನ್ನು ನಿಲ್ಲಿಸುವ ರೀತಿ ಬದಲಿಸಿದೆ. ಹೇಗೆ ಅಂತ ಇಲ್ಲಿ ಬರೆಯಲ್ಲ, ನನ್ನ ಆಟಗಾರರೂ ಇದನ್ನು ಓದುತ್ತಾರೆ.

ಇನ್ನು ದುಡ್ಡಿನ ವಿಷಯ. ಇದನ್ನು ಯಾರೂ ಮಾತಾಡಲ್ಲ. 3.5ರಲ್ಲಿ ಪ್ಲಸ್ 2 ಮಾಯದ ಕತ್ತಿ ಒಂದಕ್ಕೆ 8,300 ಚಿನ್ನದ ನಾಣ್ಯದ ಮೇಲೆ. ಎರಡು ಬೇಕು ಅಂದರೆ 16,600. ಅಷ್ಟರಲ್ಲಿ ಪಕ್ಕದವನು ಕತ್ತಿಯೂ ಕೊಂಡು ಒಳ್ಳೆ ಕವಚವನ್ನೂ ಕೊಂಡಿರುತ್ತಾನೆ. ಐದನೇ ಎಡಿಷನ್‌ನಲ್ಲೂ ಪ್ಲಸ್ 1 ಕತ್ತಿ ಒಂದು ಸಿಕ್ಕಿದಾಗ ಎಡಗೈ ಸುಮ್ನೆ ಮಾಮೂಲಿ ಕತ್ತಿಯಲ್ಲೇ ಉಳಿಯುತ್ತದೆ, ಮಾಯದ ಆಯುಧಕ್ಕಷ್ಟೇ ಬಗ್ಗುವ ಶತ್ರು ಬಂದರೆ ಆ ಹೊಡೆತ ಅರ್ಧ. ಇಂಥದ್ದೇ ಇನ್ನೊಂದು ಆಟ ಪಾಥ್‌ಫೈಂಡರ್‌ನ ಎರಡನೇ ಎಡಿಷನ್‌ನಲ್ಲಿ ಇದಕ್ಕೆ ‘ಡಬ್ಲಿಂಗ್ ರಿಂಗ್ಸ್’ ಇದೆ. ಒಂದು ಕೈಯ ಆಯುಧದ ಮೂಲ ರೂನ್‌ಗಳು (ಬಲ ಕೊಡುವ ಮಾಯದ ಗುರುತುಗಳು) ಇನ್ನೊಂದಕ್ಕೂ ಅನ್ವಯಿಸುತ್ತವೆ, ಬೆಲೆ ಬರೀ 50 ನಾಣ್ಯ. ನಾನು ಅದನ್ನೇ ಎತ್ತಿಕೊಂಡು ಬಂದೆ. ಮೊದಲು 200 ಅಂತ ಇಟ್ಟೆ, ಎಲ್ಲರೂ ತಕ್ಷಣ ಕೊಂಡರು. ಈಗ ನಾನೂರರ ಆಸುಪಾಸು.

ದಾಳ ಎಸೆಯುವ ಹೊತ್ತು ಉಳಿಸಲು ಬಲಗೈಗೆ ಒಂದು ಬಣ್ಣ, ಎಡಗೈಗೆ ಇನ್ನೊಂದು. ಡಿ20 ಮತ್ತು ಡಿ6 ಎಲ್ಲಾ ಒಂದೇ ಸಲ ಎಸೆಯುವುದು. ಮಧ್ಯೆ ಕೈಗೆರಡು ಹ್ಯಾಂಡ್ ಕ್ರಾಸ್‌ಬೋ ಕೊಟ್ಟೂ ನೋಡಿದೆವು. ಬಾಣ ತುಂಬಲು ಖಾಲಿ ಕೈಯೇ ಇಲ್ಲ. ಬಿಟ್ಟೆವು.

ಲೆವೆಲ್ 11ಕ್ಕೆ ದೊಡ್ಡ ಕತ್ತಿ 40 ಮುಟ್ಟುತ್ತದೆ, ಎರಡು ಕತ್ತಿ 34ರಲ್ಲೇ ನಿಲ್ಲುತ್ತದೆ. ಅಲ್ಲಿ ಫೈಟರ್‌ಗೆ ಮಾತ್ರ ಎಡಗೈ ಹೊಡೆತ ಎರಡು ಮಾಡಿದೆ. 42 ಆಗುತ್ತದೆ, ಸಾಕು. ರೇಂಜರ್‌ಗೆ ಕೊಟ್ಟಿಲ್ಲ, ಅವನು ಮಾರ್ಕ್ ಹಾಕಿ ಲೆವೆಲ್ 5ರಲ್ಲೇ 33ಕ್ಕೆ ಹೋಗುತ್ತಾನೆ. ಈಗಿನ ಕ್ಯಾಂಪೇನ್‌ನಲ್ಲಿ ಎಡಗೈ ಹೊಡೆತಕ್ಕೆ ಮಾರ್ಕ್‌ನ ಡಿ6 ಸೇರಿಸದೆ ಆಡುತ್ತಿದ್ದೇವೆ. 29-30ಕ್ಕೆ ಇಳಿದಿದೆ, ರೇಂಜರ್ ಇನ್ನೂ ಒಪ್ಪಿಲ್ಲ.