ಒಲೆ ಆರದಿರಲಿ: ಹೊಳೆ ದಂಡೆ ಮನೆಯ ಮಳೆಗಾಲ

ಕಾಡಿನ ನಡುವೆ, ಹೊಳೆ ದಂಡೆಯ ಮನೆಗೆ ಹೊಸದಾಗಿ ಬಂದವರು ನನ್ನನ್ನು ಕೇಳುವುದು ಒಂದೇ ಮಾತು. 'ಅಮ್ಮಾ, ಇಷ್ಟು ಮಳೆಯಲ್ಲಿ ಹೇಗೆ ಇರ್ತೀರಿ?' ಆಗುಂಬೆ ಸುತ್ತಿನ ನಮ್ಮ ಕಾಡಿನಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಸುರಿಯುತ್ತದೆ. ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಅವರಿಗೆ ನಾನು ಹೇಳುವುದು, ಮೊದಲು ಒಲೆ ಆರದಂತೆ ನೋಡಿಕೊಳ್ಳಿ ಅಂತ. ಬಟ್ಟೆ ಒಣಗುವುದು, ಕಾಳು ಕೆಡದಿರುವುದು, ಬೀಜ ಉಳಿಯುವುದು, ಕುಡಿಯುವ ನೀರು ಕುದಿಯುವುದು, ಎಲ್ಲಕ್ಕೂ ಒಲೆಯೇ ಬೇಕು.

ಹಾಗಾಗಿ ಮಳೆಗಾಲದ ಕೆಲಸ ಫೆಬ್ರವರಿ, ಮಾರ್ಚ್‌ನಲ್ಲೇ ಶುರು. ಸೌದೆ ಆಗಲೇ ಒಡೆಸಿ ಬಿಸಿಲಿಗೆ ಹಾಕಬೇಕು. ಬೇಸಿಗೆಯ ಗುಡುಗು ಮಳೆ ಬರುವುದರೊಳಗೆ ಅದು ಕೊಟ್ಟಿಗೆ ಸೇರಬೇಕು. ನೆಲಕ್ಕೆ ಅಡಿಕೆ ಮರ ಸೀಳಿದ ಎರಡು ದಬ್ಬೆ ಇಟ್ಟು ಅದರ ಮೇಲೆ ಒಟ್ಟಿ. ನೆಲಕ್ಕೆ ತಾಗಿದ ಸೌದೆ ಕೆಳಗಿನಿಂದ ಥಂಡಿ ಎಳೆದುಕೊಳ್ಳುತ್ತದೆ, ಆಷಾಢದಲ್ಲಿ ಬರೀ ಹೊಗೆ ಕೊಡುತ್ತದೆ. ಒಣಗಿದೆಯಾ ಎಂದು ತಿಳಿಯಲು ಎರಡು ತುಂಡು ಒಂದಕ್ಕೊಂದು ಬಡಿದು ನೋಡಿ. ಒಣಗಿದ್ದು 'ಟಣ್' ಎನ್ನುತ್ತದೆ, ಹಸಿಯಾದದ್ದು 'ದಬ್' ಎನ್ನುತ್ತದೆ. ಕೊಯ್ದ ತುದಿಯಲ್ಲಿ ಸೀಳು ಬಿಟ್ಟಿದ್ದರೆ ಇನ್ನೂ ಒಳ್ಳೆಯದು. ಬೆಂಕಿ ಹೊತ್ತಿಸಲು ಅಡಿಕೆ ಸಿಪ್ಪೆ, ತೆಂಗಿನ ಕರಟ, ಒಣ ಸೋಗೆ ಬೇರೆಯೇ ಮೂಟೆ ಕಟ್ಟಿ ಇಡಿ. ಬೆಂಕಿಪೊಟ್ಟಣ ಬಿಗಿ ಮುಚ್ಚಳದ ಡಬ್ಬಿಯಲ್ಲಿರಲಿ.

ಒಂದು ಮಾತು ಮರೆಯಬೇಡಿ. ಕತ್ತಲಲ್ಲಿ ಸೌದೆ ರಾಶಿಗೆ ಕೈ ಹಾಕಬಾರದು. ಬೆಚ್ಚಗಿನ ಒಣ ಜಾಗ ನಮಗೆ ಬೇಕಾದ ಹಾಗೆ ಹಾವಿಗೂ ಬೇಕು. ಬ್ಯಾಟರಿ ಬೆಳಕು ಬಿಟ್ಟು, ಕೋಲಿನಿಂದ ಸದ್ದು ಮಾಡಿ, ಮೇಲಿನಿಂದ ಒಂದೊಂದೇ ತೆಗೆಯಿರಿ. ಅಕಸ್ಮಾತ್ ಕಚ್ಚಿದರೆ ಹಗ್ಗ ಬಿಗಿಯುವುದು, ಕುಯ್ಯುವುದು ಯಾವುದೂ ಬೇಡ. ಕಚ್ಚಿದ ಕೈ ಅಥವಾ ಕಾಲು ಅಲುಗದ ಹಾಗೆ ಇಟ್ಟು ಸೀದಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಒಲೆಯ ಮೇಲಿನ ಅಟ್ಟ ನಮ್ಮ ಮನೆಯ ನಿಜವಾದ ಉಗ್ರಾಣ. ಬೇಸಿಗೆಯಲ್ಲಿ ಬೆಳೆದ ಸೌತೆಕಾಯಿಯನ್ನು ಬಾಳೆ ನಾರಿನಲ್ಲಿ ಕಟ್ಟಿ ಜಂತಿಗೆ ಸಾಲಾಗಿ ನೇತು ಹಾಕುತ್ತೇವೆ. ಒಂದಕ್ಕೊಂದು ತಾಗಬಾರದು, ತಾಗಿದ ಕಡೆಯೇ ಮೊದಲು ಕೊಳೆಯುವುದು. ವಾರಕ್ಕೊಮ್ಮೆ ಒಂದೊಂದನ್ನೂ ಕೈಯಲ್ಲಿ ಹಿಡಿದು ತೊಟ್ಟಿನ ಹತ್ತಿರ ಮೆಲ್ಲಗೆ ಒತ್ತಿ ನೋಡಿ. ಮೆತ್ತಗಾಗಿದ್ದು ಅವತ್ತೇ ಹುಳಿಗೆ ಹೋಗಲಿ. ಬೀಜಕ್ಕೆ ಇಟ್ಟ ಅವರೆ, ಬೆಂಡೆಗೆ ಬೂದಿ ಸವರಿ, ಬಟ್ಟೆ ಗಂಟು ಕಟ್ಟಿ ಹೊಗೆ ತಾಗುವ ಕಡೆ ಇಡಿ, ಹುಳ ಬೀಳುವುದು ಕಡಿಮೆ. ಹಪ್ಪಳ, ಸಂಡಿಗೆ, ಮುರುಗಲು ಸಿಪ್ಪೆಯ ಡಬ್ಬಿಗಳೂ ಅಲ್ಲೇ ಇರಲಿ. ಉಪ್ಪಿನ ಭರಣಿ ಮಾತ್ರ ಕೆಳಗೆ, ಒಲೆ ಪಕ್ಕದಲ್ಲಿ. ಒದ್ದೆ ಕೈ ಅದಕ್ಕೆ ತಾಗಬಾರದು.

ಬಟ್ಟೆಯ ವಿಷಯದಲ್ಲಿ ಆತುರ ಬೇಡ. ಬಚ್ಚಲು ಒಲೆಯ ಮೇಲೆ ಬಿದಿರು ಗಳ ಕಟ್ಟಿ ಹರಡಿ, ಆದರೆ ಉರಿಗೆ ನೇರವಾಗಿ ಬೇಡ. ಬೇಗ ಒಣಗಲಿ ಅಂತ ಕೆಳಗೆ ಇಳಿಸಿ ಹಾಕಿ ನಾನು ಒಂದು ಒಳ್ಳೆಯ ಕಂಬಳಿ ಸುಟ್ಟುಕೊಂಡಿದ್ದೇನೆ. ಅರೆ ಒಣಗಿದ್ದನ್ನು ಪೆಟ್ಟಿಗೆಗೆ ಸೇರಿಸಿದರೆ ಒಂದೇ ವಾರದಲ್ಲಿ ಉಳಿದ ಬಟ್ಟೆಗೂ ಬೂಷ್ಟು ಹಿಡಿಯುತ್ತದೆ.

ಗುಡ್ಡದಿಂದ ಹರಿದು ಬರುವ ಅಬ್ಬಿ ನೀರು ಸಿಹಿ, ನಿಜ. ಆದರೆ ಮೊದಲ ಮಳೆಗೆ ಗುಡ್ಡ ತೊಳೆದ ನೀರೆಲ್ಲ ಅದಕ್ಕೇ ಬರುತ್ತದೆ. ಆ ಕೆಲವು ದಿನ ಹರಿದು ಹೋಗಲು ಬಿಡಿ. ಆಮೇಲೂ ಮಡಿಚಿದ ಬಟ್ಟೆಯಲ್ಲಿ ಸೋಸಿ, ಕೊತಕೊತ ಕುದಿಸಿಯೇ ಕುಡಿಯಿರಿ. ಮಕ್ಕಳಿಗೆ ಭೇದಿ ಶುರುವಾದರೆ ಆಸ್ಪತ್ರೆ ಮುಟ್ಟುವವರೆಗೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ ಗುಟುಕು ಗುಟುಕಾಗಿ ಕೊಡುತ್ತಾ ಇರಿ. ಅಳತೆ ಚಮಚ ತಲೆ ಸವರಿ ಹಾಕಿ, ಉಪ್ಪು ಜಾಸ್ತಿ ಆಗಬಾರದು.

ಈಗ ಹೊಳೆ. ಹೊಳೆಯನ್ನು ನಾನು ಪ್ರೀತಿಸುತ್ತೇನೆ, ಮಳೆಗಾಲದಲ್ಲಿ ಮಾತ್ರ ನಂಬುವುದಿಲ್ಲ. ನಮ್ಮ ಅಂಗಳದಲ್ಲಿ ಬಿಸಿಲಿದ್ದರೂ ಮೇಲೆ ಘಟ್ಟದಲ್ಲಿ ಹೊಡೆದ ಮಳೆಗೆ ಇಲ್ಲಿ ನೀರು ಏರುತ್ತದೆ. ಒಮ್ಮೆ ಸಂಜೆ, ಮನೆಯ ದೀಪ ಕಾಣುತ್ತಿದೆಯಲ್ಲ ಎಂದು ಹೊಳೆ ದಾಟುವ ದಬ್ಬೆಯ ಕಾಲುಸೇತುವೆ, ಸಂಕಕ್ಕೆ ಕಾಲಿಟ್ಟೆ. ನೀರು ದಬ್ಬೆಗಿಂತ ಒಂದು ಮೊಳ ಕೆಳಗಿತ್ತು. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಕಾಲಡಿ ದಬ್ಬೆ ಸಣ್ಣಗೆ ನಡುಗತೊಡಗಿತು. ಕೆಳಗೆ ನೋಡಿದರೆ ಕೆಂಪು ನೀರು, ಅದರ ಮೇಲೆ ಉದುರಿದ ಎಲೆಯ ದರಗು, ಕಡ್ಡಿ, ನೊರೆ ಗುಂಪುಗುಂಪಾಗಿ ಬರುತ್ತಿತ್ತು. ಹಾಗೇ ಹಿಂದಕ್ಕೆ ಬಂದು ಈಚೆ ದಡದ ಮನೆಯಲ್ಲಿ ರಾತ್ರಿ ಕಳೆದೆ. ಬೆಳಿಗ್ಗೆ ಸಂಕ ಅಲ್ಲಿರಲಿಲ್ಲ. ಆದ್ದರಿಂದ ನೀರಿನ ಬಣ್ಣ ತಿರುಗಿದ್ದು, ದರಗು ರಾಶಿಯಾಗಿ ಬಂದದ್ದು, ಹೊಳೆಯ ಸದ್ದು ದಪ್ಪಗಾದದ್ದು, ಇದರಲ್ಲಿ ಒಂದು ಕಂಡರೂ ದಾಟಬೇಡಿ. ದಂಡೆಯ ಮೆಟ್ಟಿಲಿಗೆ ಸುಣ್ಣದಲ್ಲಿ ಗುರುತು ಹಾಕಿ, ಬೆಳಿಗ್ಗೆ ಸಂಜೆ ಎಷ್ಟು ಮೆಟ್ಟಿಲು ಮುಳುಗಿದೆ ಎಂದು ಎಣಿಸಿ. ದಿನ ತುಂಬುತ್ತಿರುವ ಬಸುರಿಯನ್ನು ಆರಿದ್ರಾ ಮಳೆ ಹಿಡಿಯುವ ಮುಂಚೆಯೇ ಪೇಟೆ ಹತ್ತಿರದ ನೆಂಟರ ಮನೆಗೆ ಕಳಿಸಿ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ಒಂದು ತಿಂಗಳಿಗಾಗುವಷ್ಟು ಮನೆಯಲ್ಲಿರಲಿ.

ಉಂಬಳಕ್ಕೆ, ಅಂದರೆ ಕಾಡಿನ ಜಿಗಣೆಗೆ ಹೆದರಬೇಡಿ. ಹತ್ತಿದರೆ ಕಿತ್ತು ಎಳೆಯಬೇಡಿ, ಉಗುರಿನಿಂದ ಬಾಯಿ ಇರುವ ಕಡೆ ಮೆಲ್ಲಗೆ ಸರಿಸಿದರೆ ಬಿಡುತ್ತದೆ. ರಕ್ತ ಹೆಪ್ಪುಗಟ್ಟದ ಹಾಗೆ ಅದು ಏನೋ ಬಿಡುತ್ತದಲ್ಲ, ಹಾಗಾಗಿ ಸ್ವಲ್ಪ ಹೊತ್ತು ಒಸರುತ್ತದೆ. ತೊಳೆದು ಬಟ್ಟೆಯಿಂದ ಒತ್ತಿ ಹಿಡಿಯಿರಿ, ಸಾಕು. ನನಗೆ ಜಾಸ್ತಿ ಭಯ ಮಳೆ ಹೋದ ಮೇಲಿನ ಉಣ್ಣಿಯದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ, ಉಣ್ಣಿ ಕಚ್ಚಿ ಹರಡುವ ಮಂಗನ ಕಾಯಿಲೆ ಇನ್ನೂ ನಮ್ಮನ್ನು ಬಿಟ್ಟಿಲ್ಲ. ನವೆಂಬರ್ ಬಂತೆಂದರೆ ಕಾಡಿಗೆ ಹೋಗುವ ಮುಂಚೆ ಉಣ್ಣಿ ಹತ್ತದಂತೆ ಆಶಾ ಕಾರ್ಯಕರ್ತೆಯರು ಕೊಡುವ ಡೇಪಾ ಎಣ್ಣೆ ಕೈಕಾಲಿಗೆ ಹಚ್ಚಿ, ಮೈ ಮುಚ್ಚುವ ಬಟ್ಟೆ ಹಾಕಿ. ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ ಸ್ನಾನ ಮಾಡಿ. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ರಾತ್ರಿ ಮಲಗುವಾಗ ಉರಿ ಆರಿಸಿ, ದಪ್ಪ ಕೊರಡಿನ ಕೆಂಡವನ್ನು ಒಲೆಯ ಮೂಲೆಗೆ ಎಳೆದು ಮೇಲೆ ಬೂದಿ ಮುಚ್ಚಿ. ಚಳಿ ಅಂತ ಕೆಂಡದ ಬಾಣಲೆಯನ್ನು ಮುಚ್ಚಿದ ಕೋಣೆಗೆ ಮಾತ್ರ ಒಯ್ಯಬೇಡಿ, ಅದರ ಗಾಳಿ ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ಬೆಳಿಗ್ಗೆ ಬೂದಿ ಕೆದಕಿದರೆ ಒಳಗೆ ಕೆಂಪಗೆ ಕಾಣುತ್ತದೆ. ಒಂದು ಹಿಡಿ ಅಡಿಕೆ ಸಿಪ್ಪೆ ಹಾಕಿ, ಊದುಗೊಳವೆಯಲ್ಲಿ ನಿಧಾನಕ್ಕೆ ಊದಿ. ಹೊರಗೆ ಎಷ್ಟೇ ಮಳೆ ಇರಲಿ, ಕಾಫಿ ನೀರು ಇಡಬಹುದು.