ಶೂ ಡಬ್ಬಿ, ಭೂತಗನ್ನಡಿ, ಅಪ್ಪನ ಧೋತರ

ಬನಹಟ್ಟಿಯ ನಮ್ಮ ಮನೆಯಲ್ಲಿ ರಾತ್ರಿ ಮಗ್ಗದ ಸದ್ದು ನಿಂತ ಮೇಲೆ ಸಿನಿಮಾ ಶುರು. ಮೊಬೈಲಿನ ಚಿತ್ರವನ್ನು ಗೋಡೆಗೆ ದೊಡ್ಡದಾಗಿ ಬಿಡುವ ಪ್ರೊಜೆಕ್ಟರ್‌ಗೆ ಸಾಮಾನು ಜಾಸ್ತಿ ಬೇಡ. 30 ಸೆಂ.ಮೀ. ಉದ್ದದ ಶೂ ಡಬ್ಬಿ, ಅಂಗೈ ಅಗಲದ ಭೂತಗನ್ನಡಿ, ಕಪ್ಪು ಹಾಳೆ, ಮೊಬೈಲ್.

ಮೊದಲು ಗಾಜನ್ನು ಪರೀಕ್ಷಿಸಿ. ಹಗಲಲ್ಲಿ ಕಿಟಕಿಯ ಎದುರಿನ ಗೋಡೆಯ ಹತ್ತಿರ ಹಿಡಿದು ಹಿಂದೆ ಮುಂದೆ ಸರಿಸಿ. ಹೊರಗಿನ ಬೇವಿನ ಮರ ಗೋಡೆಯ ಮೇಲೆ ತಲೆಕೆಳಗಾಗಿ, ಸ್ಪಷ್ಟವಾಗಿ ಮೂಡುತ್ತದೆ. ಆಗ ಗಾಜಿಗೂ ಗೋಡೆಗೂ ಎಷ್ಟು ದೂರ ಅಂತ ಅಳೆಯಿರಿ. ನಮ್ಮದು 20 ಸೆಂ.ಮೀ. ಸೂರ್ಯನ ಕಡೆ ಮಾತ್ರ ಹಿಡಿಯಬೇಡಿ. ಮುಗಿದ ಡಬ್ಬಿಯನ್ನೂ ಬಿಸಿಲಲ್ಲಿ ಬಿಡಬೇಡಿ, ರಟ್ಟು ಹೊತ್ತಿಕೊಂಡೀತು.

ಡಬ್ಬಿಯ ಒಂದು ತುದಿಗೆ ಗಾಜಿಗಿಂತ ಕೂದಲೆಳೆ ಚಿಕ್ಕ ತೂತು ಕೊರೆದು ಗಾಜನ್ನು ಟೇಪಿನಿಂದ ಅಂಟಿಸಿ. ಒಳಗೆಲ್ಲ ಕಪ್ಪು ಹಾಳೆ. ಇದನ್ನು ಬಿಟ್ಟರೆ ಚಿತ್ರ ಮಾಸಲು ಬರುತ್ತದೆ.

ಮೊಬೈಲನ್ನು ಅಡ್ಡಡ್ಡ, ತಲೆಕೆಳಗು ಮಾಡಿ ಗಾಜಿನ ಕಡೆ ಮುಖ ಮಾಡಿ ನಿಲ್ಲಿಸಿ. ಆಟೋ ರೊಟೇಟ್ ಆಫ್, ಬ್ರೈಟ್‌ನೆಸ್ ಪೂರ್ತಿ. ನಮ್ಮ ಗಾಜಿಗೆ, ಪರದೆ 2 ಮೀಟರ್ ದೂರವಿದ್ದರೆ ಮೊಬೈಲ್ ಗಾಜಿನಿಂದ ಸುಮಾರು 22 ಸೆಂ.ಮೀ. ಹಿಂದೆ ಇರಬೇಕು. ಚಿತ್ರ 9 ಪಟ್ಟು ದೊಡ್ಡದು, ಆದರೆ ಬೆಳಕು 81 ಪಟ್ಟು ಜಾಗಕ್ಕೆ ಹರಡಿ ಮಂಕಾಗುತ್ತದೆ. ನಾನಂತೂ 1 ಮೀಟರ್‌ಗೆ ಇಳಿಸಿದೆ. ಆಗ ಮೊಬೈಲ್ 25 ಸೆಂ.ಮೀ. ಹಿಂದೆ, ಚಿತ್ರ 4 ಪಟ್ಟು. ಚಿಕ್ಕದಾದರೂ ಕಣ್ಣಿಗೆ ಹಿತ. ಕರೆಂಟ್ ಹೋದ ರಾತ್ರಿ ಇನ್ನೂ ಚೆಂದ!

ಮೊದಲ ದಿನ ಗೋಡೆಗೆ ಬಿಟ್ಟಾಗ ಎಲ್ಲರೂ ಖುಷ್. ಹೆಸರು ಬಂದಾಗ ಎರಡನೇ ಕ್ಲಾಸಿನ ಮಗಳು ಕೇಳಿದಳು, ‘ಅಪ್ಪಾ, ಇದು ಕನ್ನಡ ಹೌದಲ್ಲೋ?’ ಅಕ್ಷರಗಳೆಲ್ಲ ಕನ್ನಡಿಯಲ್ಲಿ ಕಂಡಂತೆ ಉಲ್ಟಾ. ಮೊಬೈಲ್ ತಿರುಗಿಸಿದ್ದರಿಂದ ತಲೆ ಮೇಲಾಯಿತು, ಆದರೆ ಎಡ ಬಲ ಅದಲುಬದಲಾಯಿತು. ಒಂದೇ ಗಾಜಿನ ಪ್ರೊಜೆಕ್ಟರ್‌ನಲ್ಲಿ ಇದು ತಪ್ಪಿದ್ದಲ್ಲ.

ತೊಗಲುಗೊಂಬೆ ಆಟದ ಪರದೆ ನೆನಪಾಯಿತು. ನಡುಬಾಗಿಲಿಗೆ ಅಪ್ಪನ ತೆಳು ಧೋತರ ಬಿಗಿಯಾಗಿ ಕಟ್ಟಿದೆ. ಡಬ್ಬಿ ಒಳಕೋಣೆಯಲ್ಲಿ, ನಾವೆಲ್ಲ ಪಡಸಾಲೆಯಲ್ಲಿ. ಹಿಂದಿನಿಂದ ನೋಡಿದರೆ ಅಕ್ಷರ ನೆಟ್ಟಗೆ. ಬಟ್ಟೆಗೆ ಸ್ವಲ್ಪ ನೀರು ಚಿಮುಕಿಸಿದರೆ ಬೆಳಕು ಇನ್ನೂ ಚೆನ್ನಾಗಿ ದಾಟುತ್ತದೆ. ಡಬ್ಬಿಯೊಳಗೆ ದನಿ ಅಡಗುತ್ತದೆ, ಬ್ಲೂಟೂತ್ ಸ್ಪೀಕರ್ ಇದ್ದರೆ ಪಡಸಾಲೆಯಲ್ಲಿಡಿ.

ಬೆಳಿಗ್ಗೆ ಸ್ನಾನ ಮುಗಿಸಿದ ಅಪ್ಪ ಧೋತರ ಹುಡುಕುತ್ತಿದ್ದರು. ಅದು ಇನ್ನೂ ಬಾಗಿಲಲ್ಲೇ, ಅರ್ಧ ಒದ್ದೆಯಾಗಿ ನೇತಾಡುತ್ತಿತ್ತು.