ಕ್ಯಾಲಿಫೋರ್ನಿಯಾದಲ್ಲಿ ಹಳೆಯ ಪಿಕಪ್ ಕೊಂಡು ಸ್ವತಃ ರಿಪೇರಿ ಮಾಡುವವರಿಗೆ

ತೋಟಕ್ಕೆ ಮಣ್ಣು ತರಲು, ಹಳೆಯ ಸೋಫಾ ಸಾಗಿಸಲು, ಬೇಸಿಗೆಯಲ್ಲಿ ಸಿಯೆರಾ ಬೆಟ್ಟಗಳ ಕಡೆ ಹೋಗಿ ಟೆಂಟು ಹಾಕಲು ಎಂದು ಹೇಳಿಕೊಂಡು ಹಳೆಯ ಪಿಕಪ್ ಟ್ರಕ್ ಕೊಳ್ಳುವ ಕನ್ನಡಿಗರನ್ನು ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾದಲ್ಲಿ ನೋಡುತ್ತಿರುತ್ತೇವೆ. ವಾರವಿಡೀ ಪರದೆಯ ಮುಂದೆ ಕೂರುವವರಿಗೆ ಶನಿವಾರ ಕೈಗೆ ಗ್ರೀಸು ಮೆತ್ತಿಕೊಳ್ಳುವ ಕೆಲಸವೊಂದು ಬೇಕು ಎಂಬುದೇ ಅನೇಕ ಸಲ ಅದರ ಹಿಂದಿನ ನಿಜವಾದ ಕಾರಣ. ಅಂಥವರಿಗಾಗಿ, ವಿಶೇಷವಾಗಿ 1996ರಿಂದ 2010ರ ನಡುವಿನ ಪೆಟ್ರೋಲ್ ಪಿಕಪ್‌ಗಳಾದ ಟೊಯೋಟಾ ಟಕೋಮಾ, ಫೋರ್ಡ್ ರೇಂಜರ್ ಮುಂತಾದವನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಡೀಸೆಲ್ ಟ್ರಕ್ಕುಗಳ ನಿಯಮಗಳು ಬೇರೆಯೇ ಆಗಿರುವುದರಿಂದ ಅವನ್ನು ಇಲ್ಲಿ ಮುಟ್ಟಿಲ್ಲ.

ನಮ್ಮೂರಿನ ಪದ್ಧತಿಗೂ ಇಲ್ಲಿನದಕ್ಕೂ ಇರುವ ಮುಖ್ಯ ವ್ಯತ್ಯಾಸವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಭಾರತದ ಮೋಟಾರು ವಾಹನ ಕಾಯಿದೆಯ 52ನೆಯ ಸೆಕ್ಷನ್, ನೋಂದಣಿ ಪತ್ರದಲ್ಲಿರುವ ವಿವರಗಳನ್ನು ಬದಲಾಯಿಸುವಂಥ ಮಾರ್ಪಾಡುಗಳನ್ನು ನಿರ್ಬಂಧಿಸುತ್ತದೆ. ಅಂಥ ಕೆಲಸಕ್ಕೆ ಆರ್‌ಟಿಒ ಮೆಟ್ಟಿಲು ಹತ್ತಬೇಕಾಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ನಿಮ್ಮ ವಾಹನವನ್ನು ನೀವೇ ಬಿಚ್ಚಿ ಜೋಡಿಸುವುದಕ್ಕೆ ಯಾವ ಪರವಾನಗಿಯೂ ಬೇಕಿಲ್ಲ, ಬಹುಪಾಲು ಮಾರ್ಪಾಡುಗಳಿಗೆ ಮುಂಗಡ ಒಪ್ಪಿಗೆಯನ್ನೂ ಕೇಳಬೇಕಾಗಿಲ್ಲ. ಆದರೆ ಎಂಜಿನ್ನಿನ ಹೊಗೆಗೆ ಸಂಬಂಧಿಸಿದ ಪ್ರತಿಯೊಂದು ಭಾಗಕ್ಕೂ ಇಲ್ಲಿ ಲೆಕ್ಕವಿದೆ, ಮತ್ತು ಆ ಲೆಕ್ಕವನ್ನು ಎರಡು ವರ್ಷಕ್ಕೊಮ್ಮೆ 'ಸ್ಮಾಗ್' ಎಂಬ ಹೊಗೆ ಪರೀಕ್ಷೆಯಲ್ಲಿ ಒಪ್ಪಿಸಬೇಕು. ಆದ್ದರಿಂದ ಯಾವ ಟ್ರಕ್ ಕೊಳ್ಳಬೇಕು, ಯಾವ ಭಾಗ ಹಾಕಬೇಕು, ಏನನ್ನು ಬದಲಾಯಿಸಬಹುದು ಎಂಬ ಎಲ್ಲ ತೀರ್ಮಾನಗಳನ್ನೂ ಸ್ಮಾಗ್‌ನಿಂದ ಆರಂಭಿಸಬೇಕೆಂಬುದು ನನ್ನ ಅಭಿಪ್ರಾಯ.

1975 ಅಥವಾ ಅದಕ್ಕಿಂತ ಹಳೆಯ ಮಾದರಿಯ ಪೆಟ್ರೋಲ್ ವಾಹನಗಳಿಗೆ ಈ ಪರೀಕ್ಷೆಯಿಂದ ವಿನಾಯಿತಿಯಿದೆ. 1976ರಿಂದೀಚಿನ ಹಳೆಯ ಪಿಕಪ್‌ಗಳಿಗೆ ಇಲ್ಲ. 2000ದ ಮತ್ತು ನಂತರದ ಮಾದರಿಗಳಲ್ಲಿ ಪರೀಕ್ಷಕನು ಡ್ಯಾಶ್‌ಬೋರ್ಡ್ ಕೆಳಗಿನ ಓಬಿಡಿ ಸಾಕೆಟ್ಟಿಗೆ ಯಂತ್ರ ಜೋಡಿಸಿ ಎಂಜಿನ್ ಕಂಪ್ಯೂಟರಿನಲ್ಲಿರುವುದನ್ನು ಓದುತ್ತಾನೆ. 1999ರವರೆಗಿನವುಗಳಲ್ಲಿ ಸೈಲೆನ್ಸರ್ ಕೊಳವೆಯ ಹೊಗೆಯನ್ನೇ ಅಳೆಯುತ್ತಾರೆ. ಎರಡರಲ್ಲೂ ಬಾನೆಟ್ ತೆರೆದು ಕಣ್ಣಿನಿಂದ ನೋಡುವ ತಪಾಸಣೆಯಿದೆ. ಟ್ರಕ್ ಮಾರುವಾಗ 90 ದಿನಗಳೊಳಗಿನ ಸ್ಮಾಗ್ ಪ್ರಮಾಣಪತ್ರ ಒದಗಿಸುವುದು ಮಾರುವವನ ಹೊಣೆ. 'ಸುಲಭವಾಗಿ ಪಾಸಾಗುತ್ತದೆ, ನೀವೇ ಮಾಡಿಸಿಕೊಳ್ಳಿ, ಅದಕ್ಕೇ ಬೆಲೆ ಇಳಿಸಿದ್ದೇನೆ' ಎನ್ನುವವರು ಸಿಗುತ್ತಾರೆ. ಅಷ್ಟು ಸುಲಭವಾಗಿದ್ದರೆ ಅವರೇ ಏಕೆ ಮಾಡಿಸಿಲ್ಲ ಎಂದು ಕೇಳಿಕೊಂಡು ಮುಂದಿನ ಟ್ರಕ್ ನೋಡಲು ಹೋಗಿ.

ಸ್ವತಃ ರಿಪೇರಿ ಮಾಡುವವರು ಎಡವುವುದು ರೆಡಿನೆಸ್ ಮಾನಿಟರ್‌ಗಳ, ಅಂದರೆ ಎಂಜಿನ್ ಕಂಪ್ಯೂಟರು ಹೊಗೆ ನಿಯಂತ್ರಣದ ಭಾಗಗಳ ಮೇಲೆ ತಾನೇ ನಡೆಸುವ ಪರೀಕ್ಷೆಗಳ, ವಿಷಯದಲ್ಲಿ. ಬ್ಯಾಟರಿ ತಂತಿ ಬಿಚ್ಚಿದರೆ ಅಥವಾ ಸ್ಕ್ಯಾನರಿನಿಂದ ದೋಷದ ಕೋಡ್ ಅಳಿಸಿದರೆ ಎಂಜಿನ್ ದೀಪವೇನೋ ಆರುತ್ತದೆ, ಆದರೆ ಕಂಪ್ಯೂಟರು ತನ್ನ ಸ್ವಪರೀಕ್ಷೆಗಳನ್ನೆಲ್ಲ ಮೊದಲಿನಿಂದ ಮಾಡಿ ಮುಗಿಸುವವರೆಗೆ ಅವು 'ಅಪೂರ್ಣ' ಎಂದೇ ತೋರುತ್ತವೆ. 2000ದ ನಂತರದ ಪೆಟ್ರೋಲ್ ವಾಹನಗಳಲ್ಲಿ ಇಂಧನದ ಆವಿಗೆ ಸಂಬಂಧಿಸಿದ ಒಂದು ಮಾನಿಟರನ್ನು ಬಿಟ್ಟು ಉಳಿದವೆಲ್ಲ ಪೂರ್ಣವಾಗಿರದಿದ್ದರೆ ಪರೀಕ್ಷೆ ಪಾಸಾಗುವುದಿಲ್ಲ. ಇದಕ್ಕೆ ಅಡ್ಡದಾರಿಯಿಲ್ಲ, ಕೆಲವು ದಿನ ಹೆದ್ದಾರಿಯಲ್ಲೂ ಊರೊಳಗೂ ಓಡಿಸಿ, ರಾತ್ರಿ ಎಂಜಿನ್ ಪೂರ್ತಿ ತಣ್ಣಗಾಗಲು ಬಿಟ್ಟು, ಸ್ವಂತ ಸ್ಕ್ಯಾನರಿನಲ್ಲಿ ಮಾನಿಟರ್‌ಗಳನ್ನು ನೋಡಿಕೊಂಡು ಪರೀಕ್ಷೆಗೆ ಹೋಗಬೇಕು. ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸಿ ಶಕ್ತಿ ಹೆಚ್ಚಿಸುವ 'ಟ್ಯೂನ್'ಗಳ ಆಸೆಯಿದ್ದವರು ಇನ್ನೊಂದು ವಿಷಯ ತಿಳಿದಿರಬೇಕು: 2021ರ ಜುಲೈನಿಂದ ಪರೀಕ್ಷೆಯಲ್ಲಿ ಸಾಫ್ಟ್‌ವೇರನ್ನೂ ತಾಳೆ ನೋಡುತ್ತಾರೆ, ಅನುಮೋದನೆಯಿಲ್ಲದ ಟ್ಯೂನ್ ಇದ್ದರೆ ಟ್ರಕ್ ನಪಾಸಾಗುತ್ತದೆ.

ಅನುಮೋದನೆ ಎಂದರೆ ಕ್ಯಾಲಿಫೋರ್ನಿಯಾ ವಾಯು ಸಂಪನ್ಮೂಲ ಮಂಡಳಿ, ಎಂದರೆ ಎಲ್ಲರ ಬಾಯಲ್ಲಿರುವ 'ಕಾರ್ಬ್', ಕೊಡುವ ಇಓ (ಎಕ್ಸಿಕ್ಯೂಟಿವ್ ಆರ್ಡರ್) ಸಂಖ್ಯೆ. ಮೂಲ ಭಾಗಕ್ಕೆ ಸರಿಸಮನಾದ ಬದಲಿ ಸೆನ್ಸರ್, ಸ್ಪಾರ್ಕ್ ಪ್ಲಗ್, ಫಿಲ್ಟರ್‌ಗಳಿಗೆ ಇದು ಬೇಕಿಲ್ಲ. ಗಾಳಿ ಎಳೆಯುವ ಕೊಳವೆಯ ವಿನ್ಯಾಸವನ್ನೇ ಬದಲಿಸುವ ಇನ್‌ಟೇಕ್ ಕಿಟ್ಟಿನಂಥವುಗಳಿಗೆ ಬೇಕು, ಮತ್ತು ಆ ಸಂಖ್ಯೆಯಿರುವ ಚೀಟಿಯನ್ನು ಬಾನೆಟ್ಟಿನ ಕೆಳಗೆ ಕಾಣುವಂತೆ ಅಂಟಿಸಬೇಕು. ಹೊಗೆಯಲ್ಲಿನ ವಿಷಾನಿಲಗಳನ್ನು ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರಿನ ಬದಲಿಗೆ ಬೇರೆ ಕಂಪನಿಯದನ್ನು ಹಾಕುವಾಗಲಂತೂ ಇದರಿಂದ ವಿನಾಯಿತಿಯೇ ಇಲ್ಲ. ಹಳೆಯ ಟ್ರಕ್ ಕೊಂಡವರ ಜೇಬಿಗೆ ದೊಡ್ಡ ತೂತು ಬೀಳುವುದೂ ಅಲ್ಲಿಯೇ ಆದ್ದರಿಂದ ಅದನ್ನು ತುಸು ವಿವರವಾಗಿ ನೋಡೋಣ.

ಎಂಜಿನ್ ದೀಪ ಹೊತ್ತಿ ಸ್ಕ್ಯಾನರಿನಲ್ಲಿ ಪಿ0420 ಎಂಬ, ಕನ್ವರ್ಟರು ಸರಿಯಾಗಿ ಕೆಲಸ ಮಾಡುತ್ತಿಲ್ಲವೆನ್ನುವ ಕೋಡ್ ಬಂತೆಂದುಕೊಳ್ಳಿ. ಕನ್ವರ್ಟರಿನ ಮುಂದೊಂದು ಹಿಂದೊಂದು ಆಮ್ಲಜನಕ ಸೆನ್ಸರ್‌ಗಳಿರುತ್ತವೆ. ಮುಂದಿನದರ ಸಂಕೇತ ಸದಾ ಏರಿಳಿಯುತ್ತಿರುತ್ತದೆ, ಕನ್ವರ್ಟರು ಆರೋಗ್ಯವಾಗಿದ್ದರೆ ಹಿಂದಿನದು ಹೆಚ್ಚು ಅಲುಗಾಡದೆ ನಿಂತಿರುತ್ತದೆ. ಹಿಂದಿನದೂ ಮುಂದಿನದರಂತೆಯೇ ಕುಣಿಯತೊಡಗಿದರೆ ಕಂಪ್ಯೂಟರು ಈ ಕೋಡ್ ಹಾಕುತ್ತದೆ. ಆದರೆ ಸೆನ್ಸರಿಗಿಂತ ಮುಂಚಿನ ಕೊಳವೆಯ ಜೋಡಣೆಯಲ್ಲಿ ಸಣ್ಣ ಸೋರಿಕೆಯಿದ್ದು ಹೊರಗಿನ ಗಾಳಿ ಒಳಸೇರಿದರೂ ಇದೇ ಕೋಡ್ ಬರಬಹುದು. ಎಂಜಿನ್ ತಣ್ಣಗಿರುವಾಗ ಚಾಲೂ ಮಾಡಿ, ಮ್ಯಾನಿಫೋಲ್ಡ್ ಬಳಿ 'ಟಿಕ್ ಟಿಕ್' ಸದ್ದು ಬರುತ್ತಿದೆಯೇ, ಗ್ಯಾಸ್ಕೆಟ್ ಸುತ್ತ ಮಸಿಯ ಗೆರೆಯಿದೆಯೇ ಎಂದು ನೋಡುವುದು ಖರ್ಚಿಲ್ಲದ ಪರೀಕ್ಷೆ. ಯಾವುದಾದರೂ ಸಿಲಿಂಡರ್ ಮಿಸ್ ಹೊಡೆಯುತ್ತಿದ್ದರೆ ಅಥವಾ ಎಂಜಿನ್ ಆಯಿಲ್ ಕುಡಿಯುತ್ತಿದ್ದರೆ ಅದನ್ನು ಮೊದಲು ಸರಿಪಡಿಸಬೇಕು. ಇಲ್ಲದಿದ್ದರೆ ಹೊಸ ಕನ್ವರ್ಟರೂ ಅದೇ ಗತಿ ಕಾಣುತ್ತದೆ.

ಇಷ್ಟಾದ ಮೇಲೂ ಕನ್ವರ್ಟರೇ ಹೋಗಿದೆಯೆಂದಾದರೆ, ಬಾನೆಟ್ಟಿನ ಕೆಳಗೆ ಅಂಟಿಸಿರುವ ಎಮಿಷನ್ ಚೀಟಿಯನ್ನು ಹುಡುಕಿ ಅದರಲ್ಲಿರುವ ಎಂಜಿನ್ ಫ್ಯಾಮಿಲಿ ಅಥವಾ ಟೆಸ್ಟ್ ಗ್ರೂಪ್ ಸಂಖ್ಯೆಯನ್ನು ಫೋಟೋ ತೆಗೆದುಕೊಳ್ಳಿ. ಒಂದೇ ವರ್ಷದ, ಒಂದೇ ಎಂಜಿನ್ನಿನ ಎರಡು ಟ್ರಕ್ಕುಗಳಿಗೂ ಈ ಸಂಖ್ಯೆ ಬೇರೆಯಾಗಿರಬಹುದು, ಮತ್ತು ನೀವು ಕೊಳ್ಳುವ ಕನ್ವರ್ಟರಿನ ಇಓ ನಿಮ್ಮ ಸಂಖ್ಯೆಗೆ ಅನ್ವಯಿಸಲೇಬೇಕು. ಬೇರೆ ರಾಜ್ಯಗಳಲ್ಲಿ ಮಾರುವ, ಬರೀ ಅಮೆರಿಕದ ಕೇಂದ್ರ ಸರ್ಕಾರದ ಮಾನದಂಡಕ್ಕೆ ಹೊಂದುವ ಕನ್ವರ್ಟರುಗಳು ಬಹಳ ಅಗ್ಗ. ಅವನ್ನು ಇಲ್ಲಿ ಹಾಕುವುದು ಕಾನೂನುಬಾಹಿರ, ಪರೀಕ್ಷಕ ಕವಚದ ಮೇಲೆ ಇಓ ಅಚ್ಚು ಕಾಣದಿದ್ದರೆ ನಪಾಸು ಮಾಡುತ್ತಾನೆ. ಗುಜರಿಯ ಸೆಕೆಂಡ್‌ಹ್ಯಾಂಡ್ ಕನ್ವರ್ಟರಿಗೂ ಅವಕಾಶವಿಲ್ಲ.

ಉಳಿದ ಭಾಗಗಳಿಗೆ ಮಾತ್ರ ಗುಜರಿ ಒಳ್ಳೆಯ ಜಾಗ. ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಬಿಚ್ಚಿಟ್ಟ ಮಾಲಿಗೆ ಚೌಕಾಸಿ ಮಾಡಿ ಅಭ್ಯಾಸವಿದ್ದವರಿಗೆ ಇಲ್ಲಿನ ಪಿಕ್-ಎನ್-ಪುಲ್‌ನಂಥ ಸ್ವಸೇವೆಯ ಅಂಗಳಗಳು ಹೊಸದೆನಿಸುತ್ತವೆ: ಅಲ್ಪ ಪ್ರವೇಶ ಶುಲ್ಕ ಕೊಟ್ಟು, ಸ್ವಂತ ಹತಾರಗಳೊಂದಿಗೆ ಒಳಹೋಗಿ, ಸಾಲಾಗಿ ನಿಲ್ಲಿಸಿದ ಗಾಡಿಗಳಿಂದ ನಿಮಗೆ ಬೇಕಾದುದನ್ನು ನೀವೇ ಬಿಚ್ಚಿ, ನಿಗದಿತ ದರ ಕೊಟ್ಟು ತರಬೇಕು. ಬಾಗಿಲಿನ ಹಿಡಿ, ಕನ್ನಡಿ, ಟೇಲ್‌ಗೇಟ್, ಸೀಟುಗಳಿಗೆ ಇದಕ್ಕಿಂತ ಅಗ್ಗದ ದಾರಿಯಿಲ್ಲ. ಆಟೋಝೋನ್, ಓ'ರೈಲಿಯಂಥ ಅಂಗಡಿಗಳು ಅಪರೂಪಕ್ಕೆ ಬೇಕಾಗುವ ವಿಶೇಷ ಹತಾರಗಳನ್ನು ಠೇವಣಿಯ ಮೇಲೆ ಎರವಲು ಕೊಟ್ಟು, ಹಿಂದಿರುಗಿಸಿದಾಗ ಪೂರ್ತಿ ಹಣ ಮರಳಿಸುತ್ತವೆ. ಆಲ್ಟರ್ನೇಟರ್, ಸ್ಟಾರ್ಟರ್, ಬ್ಯಾಟರಿ ಕೊಳ್ಳುವಾಗ ಬಿಲ್ಲಿನಲ್ಲಿ ಕಾಣುವ 'ಕೋರ್' ಮೊತ್ತವೂ ಠೇವಣಿಯೇ. ಹಳೆಯ ಭಾಗವನ್ನು ಕೊಟ್ಟರೆ ಅದು ವಾಪಸು ಬರುತ್ತದೆ. ಅನೇಕ ಸಾರ್ವಜನಿಕ ಗ್ರಂಥಾಲಯಗಳು ಕಾರ್ಡುದಾರರಿಗೆ ಚಿಲ್ಟನ್ ರಿಪೇರಿ ಕೈಪಿಡಿಗಳನ್ನು ಆನ್‌ಲೈನಿನಲ್ಲಿ ಪುಕ್ಕಟೆ ತೋರಿಸುತ್ತವೆಂಬುದು ನಮ್ಮವರಲ್ಲಿ ಹಲವರಿಗೆ ಗೊತ್ತಿಲ್ಲ.

ಕೆಲಸವನ್ನು ಎಲ್ಲಿ ಮಾಡುತ್ತೀರಿ ಎಂಬುದಕ್ಕೂ ನಿಯಮಗಳಿವೆ. ಅಪಾರ್ಟ್‌ಮೆಂಟಿನ ಬಾಡಿಗೆ ಕರಾರು, ಬಡಾವಣೆಯ ಎಚ್‌ಒಎ (ಮನೆ ಮಾಲೀಕರ ಸಂಘ), ಕೆಲವು ಕಡೆ ನಗರ ಅಥವಾ ಕೌಂಟಿಯ ಕಟ್ಟಳೆ, ಈ ಮೂರನ್ನೂ ಓದಿಕೊಂಡ ಮೇಲೆಯೇ ಗಾಡಿಯನ್ನು ಜ್ಯಾಕ್ ಮೇಲೆ ಎತ್ತಿ. ತಿಂಗಳುಗಟ್ಟಲೆ ಬಿಚ್ಚಿಡುವ ಯೋಚನೆಯಿದ್ದರೆ ಇಲ್ಲಿನ ಆರ್‌ಟಿಒ ಎನ್ನಬಹುದಾದ ಡಿಎಂವಿಯಲ್ಲಿ 'ಪಿಎನ್‌ಒ', ಅಂದರೆ ವಾಹನ ಓಡುತ್ತಿಲ್ಲವೆಂಬ ಘೋಷಣೆ, ಸಲ್ಲಿಸಿ ಆ ವರ್ಷದ ನೋಂದಣಿ ಶುಲ್ಕ ಉಳಿಸಬಹುದು. ಆಗ ಟ್ರಕ್ಕನ್ನು ರಸ್ತೆಯಲ್ಲಿ ಓಡಿಸುವುದಿರಲಿ, ಬೀದಿಯಲ್ಲಿ ನಿಲ್ಲಿಸುವಂತೆಯೂ ಇಲ್ಲ. ಹಳೆಯ ಆಯಿಲನ್ನು ಪ್ರಮಾಣಿತ ಸಂಗ್ರಹ ಕೇಂದ್ರಗಳು ಹಣ ಕೇಳದೆ ತೆಗೆದುಕೊಳ್ಳುತ್ತವೆ, ಆದರೆ ಅದಕ್ಕೆ ಕೂಲಂಟ್ ಬೆರೆತಿದ್ದರೆ ಮುಟ್ಟುವುದಿಲ್ಲ. ಆದ್ದರಿಂದ ಎರಡಕ್ಕೂ ಪ್ರತ್ಯೇಕ ಡಬ್ಬಿಯಿರಲಿ. ರಸ್ತೆ ಬದಿಯ ಮಳೆನೀರಿನ ಚರಂಡಿಗೆ ಒಂದು ಲೋಟ ಸುರಿದರೂ ಅದು ಶುದ್ಧೀಕರಣವಿಲ್ಲದೆ ನೇರ ಕೊಲ್ಲಿ ಸೇರುತ್ತದೆ, ಮತ್ತು ಅದು ಅಪರಾಧ.

ಕೊಳ್ಳುವ ಮುನ್ನ ವಾಹನದ ಗುರುತಾದ 17 ಅಕ್ಷರಗಳ ವಿಐಎನ್ ಸಂಖ್ಯೆಯನ್ನು ಕೇಂದ್ರದ ರಸ್ತೆ ಸುರಕ್ಷತಾ ಸಂಸ್ಥೆಯ (ಎನ್‌ಎಚ್‌ಟಿಎಸ್‌ಎ) ಜಾಲತಾಣದಲ್ಲಿ ಹಾಕಿ, ದೋಷ ಸರಿಪಡಿಸಲು ಕಂಪನಿ ವಾಹನವನ್ನು ವಾಪಸು ಕರೆಯುವ ರೀಕಾಲ್‌ಗಳು ಬಾಕಿಯಿವೆಯೇ ನೋಡಿ. ನೀವು ಎರಡನೆಯ ಅಥವಾ ಐದನೆಯ ಮಾಲೀಕರಾದರೂ ಸುರಕ್ಷತಾ ರೀಕಾಲ್ ರಿಪೇರಿ ಸಾಮಾನ್ಯವಾಗಿ ಉಚಿತ. ಸಿಡಿದು ಲೋಹದ ಚೂರು ಎರಚುತ್ತಿದ್ದ ಟಕಾಟಾ ಕಂಪನಿಯ ಏರ್‌ಬ್ಯಾಗ್‌ಗಳ ಪ್ರಕರಣದಲ್ಲಿ ಕೆಲವು 2006ರ ರೇಂಜರುಗಳನ್ನು ಓಡಿಸಲೇಬೇಡಿ ಎಂದು 2018ರಲ್ಲಿ ಫೋರ್ಡ್ ಎಚ್ಚರಿಸಿತ್ತು. ಏರ್‌ಬ್ಯಾಗ್ ಸ್ವತಃ ಬಿಚ್ಚುವ ಸಾಹಸಕ್ಕೆ ಹೋಗದೆ ಡೀಲರ್ ಬಳಿ ಒಯ್ಯಿರಿ. ಹಿಮಕ್ಕೆ ರಸ್ತೆಗೆ ಉಪ್ಪು ಹಾಕುವ ರಾಜ್ಯಗಳಿಂದ ಬಂದ ಟಕೋಮಾಗಳಲ್ಲಿ ಚಾಸಿಯೇ ತುಕ್ಕು ಹಿಡಿದು ತೂತಾಗಿರುವುದುಂಟು. ಕೆಳಗೆ ಮಲಗಿ ಸುತ್ತಿಗೆಯಿಂದ ತಟ್ಟಿ ನೋಡಲು ಮಾರುವವನು ಬಿಡದಿದ್ದರೆ ಆ ವ್ಯವಹಾರ ಬೇಡ.

1995ರಿಂದ 2004ರವರೆಗಿನ ಟಕೋಮಾದ ಫೋರ್‌ವೀಲ್ ಮತ್ತು ಪ್ರೀರನ್ನರ್ ಮಾದರಿಗಳಲ್ಲಿ ಮುಂಚಕ್ರದ ಕೆಳಗಿನ ಬಾಲ್ ಜಾಯಿಂಟನ್ನು (ಗೂಡಿನೊಳಗೆ ತಿರುಗುವ ಗುಂಡಿನ ಕೀಲನ್ನು) ಬೇರೆಲ್ಲದಕ್ಕಿಂತ ಮೊದಲು ನೋಡಬೇಕು. ಅಲ್ಲಿ ಗಾಡಿಯ ಭಾರ ಆ ಗುಂಡನ್ನು ಗೂಡಿನೊಳಗೆ ಒತ್ತುವ ಬದಲು ಹೊರಕ್ಕೆ ಎಳೆಯುತ್ತಿರುತ್ತದೆ, ಹಾಗಾಗಿ ಸವೆದ ಜಾಯಿಂಟು ಒಂದು ದಿನ ಕಿತ್ತುಬಂದು ಚಕ್ರ ಮಡಚಿಕೊಂಡು ಟ್ರಕ್ ನೆಲಕ್ಕೆ ಕೂರುತ್ತದೆ. ಟ್ರಕ್ಕನ್ನು ಜ್ಯಾಕ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಚಕ್ರದ ಅಡಿಗೆ ಉದ್ದನೆಯ ಸಲಾಕೆ ಕೊಟ್ಟು ಮೇಲಕ್ಕೆ ಮೀಟಿ, ಜಾಯಿಂಟಿನಲ್ಲಿ ಸಡಿಲ ಕಂಡರೆ ಅಥವಾ ರಬ್ಬರ್ ಬೂಟು ಹರಿದು ಗ್ರೀಸು ಹೊರಬಂದಿದ್ದರೆ ಬದಲಿಸಿಬಿಡಿ. ಈ ಒಂದು ಭಾಗಕ್ಕೆ ಅಗ್ಗದ ಮಾಲು ಬೇಡ, ಟೊಯೋಟಾದ್ದನ್ನೇ ಹಾಕಿ. ಬೋಲ್ಟುಗಳೂ ಹೊಸವಿರಲಿ, ಟಾರ್ಕ್ ರೆಂಚಿನಿಂದಲೇ ಬಿಗಿಯಿರಿ. ಕೈಪಿಡಿಯಲ್ಲಿ ಅಳತೆ ಫುಟ್-ಪೌಂಡಿನಲ್ಲಿದ್ದು ನಿಮ್ಮ ರೆಂಚು ನ್ಯೂಟನ್ ಮೀಟರಿನದಾದರೆ 1.356ರಿಂದ ಗುಣಿಸಿಕೊಳ್ಳಿ. ಬರೀ ಜ್ಯಾಕ್ ನಂಬಿ ಗಾಡಿಯ ಕೆಳಗೆ ಯಾವ ಕಾರಣಕ್ಕೂ ನುಗ್ಗಬೇಡಿ.

ಅಂದ ಚೆಂದದ ಮಾರ್ಪಾಡುಗಳಿಗೆ ಬಂದರೆ, ಎತ್ತರಿಸುವ ಲಿಫ್ಟ್ ಕಿಟ್ ಎಲ್ಲರ ಮೊದಲ ಆಸೆ. ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಬರೆದಿರುವ ಗರಿಷ್ಠ ಒಟ್ಟು ತೂಕ 4,500 ಪೌಂಡ್‌ವರೆಗಿದ್ದರೆ ಚಾಸಿಯ ಎತ್ತರ ನೆಲದಿಂದ 27 ಅಂಗುಲ, 4,501ರಿಂದ 7,500 ಪೌಂಡ್‌ವರೆಗೆ 30 ಅಂಗುಲ ಮೀರುವಂತಿಲ್ಲ. ಬಾಡಿಯ ನೆಲವು ಚಾಸಿಯ ಮೇಲ್ಭಾಗದಿಂದ 5 ಅಂಗುಲಕ್ಕಿಂತ ಮೇಲಿರಬಾರದು. ಚಾವಣಿಯ ಮೇಲಿನ ಎಲ್‌ಇಡಿ ಬಾರ್ ಕಾಡುದಾರಿಗೆ ಮಾತ್ರ, ಹೆದ್ದಾರಿಯಲ್ಲಿ ಅದಕ್ಕೆ ಬೆಳಕು ತೂರದ ಮುಚ್ಚಳ ಹಾಕಿರಬೇಕು. ಹ್ಯಾಲೊಜೆನ್ ಹೆಡ್‌ಲೈಟಿನ ಗೂಡಿಗೆ ಎಲ್‌ಇಡಿ ಬಲ್ಬು ತುರುಕುವುದು ಎಷ್ಟೇ ಸಾಮಾನ್ಯವಾಗಿದ್ದರೂ ಕೇಂದ್ರದ ನಿಯಮಕ್ಕೆ ಹೊಂದುವುದಿಲ್ಲ, ಎದುರಿನವರ ಕಣ್ಣನ್ನೂ ಕುಕ್ಕುತ್ತದೆ. ಮುಂದಿನ ಎರಡು ಬಾಗಿಲುಗಳ ಗಾಜಿನ ಮೂಲಕ ಕನಿಷ್ಠ 70 ಶೇಕಡ ಬೆಳಕು ದಾಟಬೇಕು. ಎಂಜಿನ್ನನ್ನೇ ಬದಲಿಸುವುದಾದರೆ ಅದು ಟ್ರಕ್ಕಿನಷ್ಟೇ ಅಥವಾ ಅದಕ್ಕಿಂತ ಹೊಸ ವರ್ಷದ್ದಾಗಿರಬೇಕು, ಹೊಗೆ ನಿಯಂತ್ರಣದ ಎಲ್ಲ ಭಾಗಗಳೂ ಅದರೊಂದಿಗೆ ಬರಬೇಕು, ಕೊನೆಗೆ ರಾಜ್ಯವೇ ನೇಮಿಸಿದ ವಿಶೇಷ ತಪಾಸಕರಾದ ಸ್ಮಾಗ್ ರೆಫರಿಯ ಬಳಿ ತಪಾಸಣೆಯಾಗಬೇಕು. ವೀಸಾ ಗಡುವುಗಳ ನಡುವೆ ಬದುಕುವವರಿಗೆ ಈ ತಲೆನೋವು ಬೇಡವೆಂದೇ ಹೇಳುತ್ತೇನೆ. ಹಾಕಿಸಿದ ಬೆಲೆಬಾಳುವ ಸಾಮಾನುಗಳನ್ನು ವಿಮಾ ಕಂಪನಿಗೆ ತಿಳಿಸಿ ಪಾಲಿಸಿಯಲ್ಲಿ ಸೇರಿಸದಿದ್ದರೆ ಅಪಘಾತವಾದಾಗ ಅವುಗಳ ಬೆಲೆ ಕೈಸೇರುವ ಭರವಸೆಯಿಲ್ಲ.

ಡಿಎಂವಿಯ ಒಂದು ಪದ್ಧತಿ ಹೊಸಬರನ್ನು ಬೆಚ್ಚಿಬೀಳಿಸುತ್ತದೆ. ಇಲ್ಲಿ ಪಿಕಪ್ ಅನ್ನು ಮನೆಬಳಕೆಗೆ ಇಟ್ಟುಕೊಂಡರೂ ಸಾಮಾನ್ಯವಾಗಿ ಕಮರ್ಷಿಯಲ್ ನಂಬರ್ ಪ್ಲೇಟೇ ಬರುತ್ತದೆ, ವರ್ಷದ ಶುಲ್ಕದಲ್ಲಿ ತೂಕದ ಬಾಬತ್ತೂ ಸೇರಿರುತ್ತದೆ. ಕೊಂಡವರು 10 ದಿನಗಳೊಳಗೆ ಹೆಸರು ವರ್ಗಾಯಿಸಿಕೊಳ್ಳಬೇಕು, ಆಗ ಖರೀದಿ ಬೆಲೆಯ ಮೇಲೆ ತೆರಿಗೆಯನ್ನೂ ಕಟ್ಟಬೇಕು. ಹಿಂದಿನವರು ಬಾಕಿಯಿಟ್ಟ ನೋಂದಣಿ ಶುಲ್ಕವಿದ್ದರೆ ಅದೂ ವಾಹನದ ಜೊತೆಗೆ ನಿಮ್ಮ ಕೊರಳಿಗೆ ಬೀಳುತ್ತದೆ.

ರಿಪೇರಿ ಕೈಹಿಡಿದ ಮೇಲೆ ಹಳೆಯ ಟ್ರಕ್ ಕೊಂಡು, ಸರಿಮಾಡಿ, ಲಾಭಕ್ಕೆ ಮಾರುವ ಯೋಚನೆ ಬರುವುದು ಸಹಜ. ಲಾಭಕ್ಕಾಗಿ ವಾಹನ ಕೊಂಡು ಮಾರುವವರಿಗೆ ರಾಜ್ಯದಲ್ಲಿ ಡೀಲರ್ ಪರವಾನಗಿ ಬೇಕು; ಎಚ್-1ಬಿ ವೀಸಾದಲ್ಲಿರುವವರಿಗಂತೂ ಅರ್ಜಿ ಹಾಕಿದ ಕಂಪನಿಯ ಕೆಲಸ ಬಿಟ್ಟು ಬೇರೆ ದುಡಿಮೆಗೆ ಅನುಮತಿಯೇ ಇಲ್ಲ. ಸ್ವಂತಕ್ಕೆ ಇಟ್ಟುಕೊಂಡಿದ್ದ ಟ್ರಕ್ಕನ್ನು ಸಾಕೆನಿಸಿದಾಗ ಮಾರುವುದು ಬೇರೆ ಮಾತು. ಹಾಗೆ ಮಾರಿದ ದಿನವೇ, ತಡವಾದರೆ 5 ದಿನಗಳೊಳಗೆ, ಡಿಎಂವಿಗೆ ಹೊಣೆ ಬಿಡುಗಡೆಯ ಸೂಚನೆಯನ್ನು ಆನ್‌ಲೈನಿನಲ್ಲಿ ಸಲ್ಲಿಸಿ ಅದರ ಪ್ರತಿಯನ್ನು ಉಳಿಸಿಕೊಳ್ಳಿ. ಕೊಂಡವನು ಹೆಸರು ಬದಲಿಸಿಕೊಳ್ಳದೆ ಓಡಾಡಿದರೆ ಪಾರ್ಕಿಂಗ್ ದಂಡ ಮತ್ತು ಸೇತುವೆ ಟೋಲಿನ ನೋಟಿಸುಗಳು ನಿಮ್ಮ ಮನೆಗೇ ಬರುತ್ತವೆ, ಆಗ ತೋರಿಸಲು ನಿಮ್ಮ ಬಳಿ ಇರುವುದು ಆ ಪ್ರತಿ ಮಾತ್ರ.